ಘಾಟಿ ಬಂದಾದ ವಾರದಲ್ಲಿ ಕಟ್ಟಿದ ಲಾರಿ

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಮೂರು ದಿನವಾಗಿತ್ತು. ಮಂಗಳೂರಿಗೆ ಹೋಗಬೇಕಿದ್ದ ಲಾರಿ ಹಾಸನದ ಒಂದು ಬಡಾವಣೆಯಲ್ಲಿ, ಮನೆಯೆದುರಿನ ಖಾಲಿ ಸೈಟಿನಲ್ಲಿ, ಟಾರ್ಪಾಲು ಹೊದ್ದು ನಿಂತಿತ್ತು. ಇಪ್ಪತ್ತೆಂಟು ವರ್ಷದಿಂದ ಸ್ಟೀರಿಂಗ್ ಹಿಡಿದ ಮಾವನಿಗೆ ಮನೆಯಲ್ಲಿ ಕೂರುವುದೆಂದರೆ ಸಜೆ. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಅಕ್ಕನ ಮಗಳು ಹಳೇ ಪೇಪರ್ ಹಾಸಿ ಒಂದು ಸಣ್ಣ ವರ್ಕ್‌ಶಾಪನ್ನೇ ತೆರೆದು ಕೂತಿದ್ದಳು. ಕಿಟಕಿ ಮಾಡುವವರ ಹತ್ತಿರ ಕೇಳಿ ತಂದ ಎರಡು ತುಂಡು ಅಲ್ಯುಮಿನಿಯಂ ಚಾನಲ್, ಹಳದಿ ಪ್ಲಾಸ್ಟಿಕ್ಕಿನ ಎರಡು ಮೋಟರು, ಕಾಯುತ್ತಿರುವ ಸಾಲ್ಡರಿಂಗ್ ಕಡ್ಡಿ.

"ಏನೇ ಪುಟ್ಟೀ ಇದು?"

"ಲಾರಿ, ಮಾವ. ರಿಮೋಟ್ ಲಾರಿ. ತಮ್ಮನ ಹುಟ್ಟಿದಹಬ್ಬಕ್ಕೆ."

"ಅಂಗಡೀಲಿ ತಂದ್ರೆ ಆಗ್ತಿರ್ಲಿಲ್ವಾ?"

ಅಂಗಡಿಗೂ ಹೋಗಿ ಬಂದಿದ್ದಳು. ಮುನ್ನೂರು ನಾನೂರಕ್ಕೆ ಸಿಗುವ ಆಟಿಕೆಗೆ ಗೊತ್ತಿರುವುದು ಎರಡೇ ಸ್ಥಿತಿ: ಪೂರ್ತಿ ಓಟ, ಇಲ್ಲವೇ ನಿಲುಗಡೆ. ಚಕ್ರ ತಿರುಗಿದರೆ ಕಡೆಯವರೆಗೂ ತಿರುಗುತ್ತದೆ, ಅರ್ಧಕ್ಕೆ ನಿಲ್ಲುವುದಿಲ್ಲ. ಹಳೆಯ ಮಾದರಿಯವು 27 ಮೆಗಾಹರ್ಟ್ಸ್‌ನಲ್ಲಿ ಓಡುತ್ತವೆ. ಒಂದೇ ಮನೆಯಲ್ಲಿ ಎರಡು ಇದ್ದರೆ ಅಣ್ಣನ ರಿಮೋಟಿಗೆ ತಮ್ಮನ ಕಾರೂ ಓಡಿ ಜಗಳವಾಗುತ್ತದೆ. ಇನ್ನೊಂದು ತುದಿಯಲ್ಲಿ ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯಂಥವು ಇವೆ. 1976ರಲ್ಲಿ ಪೋರ್ಷೆ 934 ಮಾದರಿಯೊಂದಿಗೆ ರೇಡಿಯೊ ಕಾರಿಗೆ ಕೈ ಹಾಕಿದ ಈ ಕಂಪನಿ, 1:14 ಅಳತೆಯ ಲಾರಿಗಳಿಗೆ ಮೂರು ಗೇರಿನ ಪೆಟ್ಟಿಗೆಯನ್ನೇ ಇಟ್ಟು ಕೊಡುತ್ತದೆ. ಕಿಟ್ಟಿಗೇ ಹತ್ತಾರು ಸಾವಿರ, ರೇಡಿಯೊ ಮತ್ತು ಬ್ಯಾಟರಿ ಬೇರೆ. ಮೇಲಿಂದ ಸುಂಕ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು.

"ಬಿಡಿಭಾಗಕ್ಕೆ ಆ ಸುಂಕ ಇಲ್ಲ ಮಾವ. ಮೋಟರು ಆಟಿಕೆ ಅಲ್ವಲ್ಲ. ಬೆಂಗಳೂರಲ್ಲಿ ಎಸ್‌.ಪಿ. ರೋಡಿಗೆ ಹೋದೋರ ಕೈಲಿ ತರಿಸ್ದೆ."

ಎಸ್‌.ಪಿ. ರೋಡೆಂದರೆ ಸಾದರ ಪತ್ರಪ್ಪ ರಸ್ತೆ. ಮಾವನಿಗೆ ಅದರ ಪಕ್ಕದ ಜೆ.ಸಿ. ರೋಡು ಚೆನ್ನಾಗಿ ಗೊತ್ತು. ಲಾರಿಯ ಬಿಡಿಭಾಗಕ್ಕೆ ಅಲೆದದ್ದು ಅಲ್ಲೇ. ನಾಲ್ಕು ಹೆಜ್ಜೆ ಆಚೆಯ ಓಣಿಯಲ್ಲಿ ಅಂಗೈಯಗಲದ ಲಾರಿಯ ಬಿಡಿಭಾಗವೂ ಸಿಗುತ್ತದೆಂದು ಇಷ್ಟು ವರ್ಷ ತಿಳಿದಿರಲಿಲ್ಲ.

ಅವನು ಮೋಟರಿಗೆ ಸಿಕ್ಕಿಸಿದ್ದ ಚಕ್ರವನ್ನು ಕೈಗೆತ್ತಿಕೊಂಡ. "ಎಷ್ಟು ದೊಡ್ಡದು?"

"65 ಮಿಲಿಮೀಟರ್. ಈ ಟಿಟಿ ಮೋಟರಿನ ಜೊತೆ ಕೊಡೋದೇ ಇದು. ಅದಕ್ಕೇ ಅಳತೆ ಇದರಿಂದ್ಲೇ ಶುರು ಮಾಡ್ದೆ. ನಿಮ್ಮ ಟಯರ್ ನಂಬರ್ ಹೇಳಿ."

"ಹತ್ತು-ಇಪ್ಪತ್ತು. ಟೆನ್ ಡಬಲ್ ಝೀರೊ ಟ್ವೆಂಟಿ."

"ಅದರ ಎತ್ತರ ಒಂದು ಮೀಟರಿಗೆ ಐದು ಸೆಂಟಿಮೀಟರ್ ಜಾಸ್ತಿ. ಹದಿನಾರರಿಂದ ಭಾಗಿಸಿ ನೋಡಿ."

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಡೀಸೆಲ್ ಲೆಕ್ಕ ಹಾಕಿ ಹಾಕಿ ಪಳಗಿದ ತಲೆ. ಅರವತ್ತಾರರ ಹತ್ತಿರ ಬಂತು. ಯಾರೋ ಎಲ್ಲೋ ರೊಬೊಟ್ ಆಟಿಕೆಗೆಂದು ಮಾಡಿದ ಚಕ್ರ, ತನ್ನ ಲಾರಿಯ ಟಯರಿನ ಹದಿನಾರನೇ ಒಂದು ಪಾಲಾಗಿ ಕುಳಿತಿತ್ತು. ಹೀಗೆ ಅಳತೆ ಗೊತ್ತಾಯಿತು: 1:16. ಎರಡೂವರೆ ಮೀಟರ್ ಅಗಲದ ಲಾರಿ 15.6 ಸೆಂಟಿಮೀಟರ್, 4.2 ಮೀಟರಿನ ವೀಲ್‌ಬೇಸ್ 26 ಸೆಂಟಿಮೀಟರ್. ಹವ್ಯಾಸಿಗಳು ಮೊದಲು ಅಳತೆ ಆರಿಸಿ ಆಮೇಲೆ ಅದಕ್ಕೆ ಸರಿಯಾದ ಚಕ್ರ ಹುಡುಕಿ ಸುಸ್ತಾಗುವುದುಂಟು. ಕಾಸು ಕಡಿಮೆಯಿದ್ದಾಗ ಅದನ್ನು ತಿರುಗಿಸಿ ಮಾಡಬೇಕು.

"ದಪ್ಪ ಆಯ್ತು ಕಣೇ," ಮಾವನ ಕಣ್ಣು ಬಿಡಲಿಲ್ಲ. "ಮುಂದಿನ ಟಯರ್ ಇಷ್ಟು ದಪ್ಪ ಇರಲ್ಲ. ಹಿಂದೆ ಜೋಡಿ ಇರ್ಬೇಕು."

"ಗೊತ್ತು. ಮುಂದಿನದನ್ನ ಕೊಯ್ದು 17 ಮಿಲಿಮೀಟರಿಗೆ ಇಳಿಸ್ತೀನಿ. ಹಿಂದೆ ಇದೇ ಇರ್ಲಿ, ನಡುವೆ ಗೆರೆ ಕೊರೆದ್ರೆ ಜೋಡಿ ಥರ ಕಾಣುತ್ತೆ."

"ಓಡೋದು ಹೇಗೆ? ಇದರ ತಾಕತ್ತು ನೋಡಿದ್ರೆ ಇರುವೆ ಎಳೆದಂಗೆ ಎಳೀಬಹುದು."

"ಹೌದು, ನಿಧಾನ. 6 ವೋಲ್ಟಿಗೆ ನಿಮಿಷಕ್ಕೆ ಸುಮಾರು 200 ಸುತ್ತು. ಚಕ್ರದ ಸುತ್ತಳತೆ 20 ಸೆಂಟಿಮೀಟರ್. ಗಂಟೆಗೆ ಎರಡೂವರೆ ಕಿಲೋಮೀಟರೂ ಇಲ್ಲ."

"ಥೂ."

"ಹದಿನಾರರಿಂದ ಗುಣಿಸಿ ಮಾವ."

ಮೂವತ್ತೊಂಬತ್ತು. ಮಾವ ಲೋಟ ಕೆಳಗಿಟ್ಟ. ಲೋಡ್ ತುಂಬಿದ ಲಾರಿ ಸಕಲೇಶಪುರದಾಚೆ ಎಷ್ಟು ಓಡುತ್ತದೋ ಅಷ್ಟೇ.

ಅಗ್ಗದ ಸಾಮಾನಿನಲ್ಲಿ ಏನಾದರೂ ಓಡುವುದನ್ನು ಮಾಡಬೇಕೆಂದರೆ ಲಾರಿಯನ್ನೇ ಮಾಡಬೇಕು, ರೇಸ್ ಕಾರನ್ನಲ್ಲ. ಕಾರಿಗೆ ವೇಗ ಬೇಕು. ವೇಗಕ್ಕೆ ಬ್ರಶ್‌ಲೆಸ್ ಮೋಟರು, ಅದಕ್ಕೆ ಬೇರೆ ಕಂಟ್ರೋಲರು, ಅದಕ್ಕೆ ಒಂದೇ ಸಲಕ್ಕೆ ಹತ್ತಾರು ಆಂಪಿಯರ್ ಸುರಿಯುವ ಬ್ಯಾಟರಿ. ಒಂದೊಂದು ಮೆಟ್ಟಿಲಿಗೂ ದುಡ್ಡು. ಲಾರಿಗೆ ಬೇಕಾದದ್ದು ಎಳೆತ, ಅದೂ ನಿಧಾನವಾಗಿ. ಎಂಬತ್ತು ರೂಪಾಯಿಯ ಗೇರ್ ಮೋಟರಿನ ಕೊರತೆಯೇ ಇಲ್ಲಿ ಗುಣವಾಗುತ್ತದೆ.

ಹುಡುಗಿ ಹಳದಿ ಡಬ್ಬಿ ಬಿಚ್ಚಿ ಒಳಗಿನ ಬಿಳಿ ಹಲ್ಲುಗಾಲಿಗಳನ್ನು ತೋರಿಸಿದಳು. 48 ಸುತ್ತಿಗೆ ಒಂದು ಸುತ್ತು. ಮಾವ ನಕ್ಕ. ಅವನ ಲಾರಿಯಲ್ಲಿ ಮೊದಲ ಗೇರಿನದು ಏಳರ ಮೇಲೆ, ಹಿಂದಿನ ಕ್ರೌನ್ ಪಿನಿಯನ್‌ದು ಆರರ ಆಸುಪಾಸು. ಎರಡನ್ನೂ ಗುಣಿಸಿದರೆ ನಲವತ್ತು ದಾಟುತ್ತದೆ. "ಅಂದ್ರೆ ಇದು ಯಾವಾಗ್ಲೂ ಫಸ್ಟ್ ಗೇರಲ್ಲೇ ಓಡುತ್ತೆ ಅನ್ನು."

"ಎಷ್ಟು ಲೋಡ್ ಎಳೆಯುತ್ತೆ?" ಎಂಬುದು ಅವನ ಮುಂದಿನ ಪ್ರಶ್ನೆ. ಲಾರಿಯವರ ಮೊದಲ ಪ್ರಶ್ನೆ ಇದೇ ಆಗಬೇಕಿತ್ತು, ತಡವಾಯಿತು.

ಇಲ್ಲಿ ಗಣಿತ ಸ್ವಲ್ಪ ಕ್ರೂರ. ಉದ್ದ ಹದಿನಾರು ಪಟ್ಟು ಇಳಿದರೆ ತೂಕ ಹದಿನಾರರ ಘನದಷ್ಟು, ಅಂದರೆ 4,096 ಪಟ್ಟು ಇಳಿಯುತ್ತದೆ. ಎರಡು ಆಕ್ಸಲ್ಲಿನ ಲಾರಿಗೆ 2018ರಿಂದ ಕಾನೂನು ಒಪ್ಪುವ ಒಟ್ಟು ತೂಕ 18.5 ಟನ್, ಅದು 1:16ರಲ್ಲಿ ನಾಲ್ಕೂವರೆ ಕಿಲೋ ಆಗುತ್ತದೆ. ಟಿಟಿ ಮೋಟರು ಒಂದು ಸೆಂಟಿಮೀಟರ್ ಕೈಯಲ್ಲಿ ಸುಮಾರು ಮುಕ್ಕಾಲು ಕಿಲೋ ಎತ್ತಿ ಅಲ್ಲೇ ಉಸಿರು ಬಿಡುತ್ತದೆ. ಚಕ್ರದ ಅರ್ಧ ವ್ಯಾಸ ಮೂರೂಕಾಲು ಸೆಂಟಿಮೀಟರ್. ಎರಡು ಚಕ್ರ ಸೇರಿದರೂ ನೆಲವನ್ನು ಹಿಂದೆ ತಳ್ಳುವ ಬಲ ಅರ್ಧ ಕಿಲೋ ದಾಟುವುದಿಲ್ಲ. ನಾಲ್ಕೂವರೆ ಕಿಲೋ ಹೊತ್ತು ಸಿಮೆಂಟ್ ನೆಲದಲ್ಲಿ ತೆವಳಬಹುದು. ಮೀಟರಿಗೆ ಹತ್ತು ಸೆಂಟಿಮೀಟರ್ ಏರುವ ಹಲಗೆಯಲ್ಲಿ ನಿಂತುಬಿಡುತ್ತದೆ. ಒಂದು ಕಿಲೋ ಸಕ್ಕರೆ ಪೊಟ್ಟಣವಾದರೆ ಏರುತ್ತದೆ.

"ಓವರ್‌ಲೋಡ್ ಕೇಸ್ ಬೀಳಲ್ಲ ಬಿಡು," ಎಂದ ಮಾವ.

ಚಾಸಿ ಅವನ ಕೈಗೇ ಹೋಯಿತು. ಎರಡು ಚಾನಲ್‌ಗಳ ನಡುವೆ ಅಡ್ಡಪಟ್ಟಿ ಕೊಟ್ಟು ಏಣಿಯಂತೆ ಬಿಗಿದ. ದೊಡ್ಡ ಲಾರಿಯ ಚಾಸಿಯೂ ಏಣಿಯೇ. ಸ್ಪ್ರಿಂಗ್ ಪ್ಲೇಟಿಗೆ ಮುರಿದ ಅಳತೆ ಟೇಪಿನ ಉಕ್ಕಿನ ಪಟ್ಟಿಯನ್ನು ಕತ್ತರಿಸಿ ಒಂದರ ಮೇಲೊಂದು ಇಟ್ಟ. ಸ್ಟೀರಿಂಗಿನ ರಾಡಿಗೆ ಸೈಕಲ್ ಕಡ್ಡಿ. ಹುಡುಗಿ ಮುಂದಿನ ಚಕ್ರದ ಕೈಗಳನ್ನು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇಟ್ಟಿದ್ದಳು. ಮಾವ ತಲೆಯಾಡಿಸಿದ.

"ಹಿಂಗೆ ಇಟ್ರೆ ಟಯರ್ ಉಜ್ಜುತ್ತೆ. ತಿರುವಲ್ಲಿ ಒಳಗಿನ ಚಕ್ರ ಜಾಸ್ತಿ ತಿರುಗ್ಬೇಕು, ಹೊರಗಿನದು ಕಮ್ಮಿ. ಈ ಎರಡು ಕೈ ಒಳಮುಖ ಮಾಡು. ಎಷ್ಟು ಅಂದ್ರೆ, ಎರಡಕ್ಕೂ ದಾರ ಕಟ್ಟಿ ಹಿಂದಕ್ಕೆ ಎಳೆದ್ರೆ ಹಿಂದಿನ ಆಕ್ಸಲ್ ಮಧ್ಯದಲ್ಲಿ ಕೂಡ್ಬೇಕು."

"ಇದು ಆಕರ್‌ಮನ್ ಜಾಮಿಟ್ರಿ! ಪುಸ್ತಕದಲ್ಲಿದೆ."

"ಯಾರೋ ಏನೋ. ನಮ್ ಗ್ಯಾರೇಜ್ ಮೇಸ್ತ್ರಿ ಹೇಳ್ಕೊಟ್ಟಿದ್ದು."

ಯಾರೋ ಎಂದರೆ, 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್. ಅವನೂ ಮೂಲ ಕರ್ತೃವಲ್ಲ. ಮ್ಯೂನಿಕ್‌ನ ಸಾರೋಟು ಕಟ್ಟುವ ಗೇಯೋರ್ಗ್ ಲಾಂಕೆನ್ಸ್‌ಪೆರ್ಗರ್‌ನ ಪರವಾಗಿ ಅರ್ಜಿ ಹಾಕಿದವನು. ಕುದುರೆ ಗಾಡಿಗೆಂದು ಹೊಳೆದ ಉಪಾಯಕ್ಕೆ ಏಜೆಂಟನ ಹೆಸರು ನಿಂತುಬಿಟ್ಟಿತು.

ಹಿಂದಿನ ಚಕ್ರಗಳಿಗೆ ಡಿಫರೆನ್ಷಿಯಲ್ ಎಲ್ಲಿ ಎಂದು ಮಾವ ಹುಡುಕಿದ. ಅದು ಇಲ್ಲ. ಚಕ್ರಕ್ಕೊಂದು ಮೋಟರ್ ಇರುವಾಗ ಹಲ್ಲುಗಾಲಿಯ ಕೆಲಸವನ್ನು ನಾಲ್ಕು ಸಾಲು ಕೋಡ್ ಮಾಡುತ್ತದೆ. 60 ಸೆಂಟಿಮೀಟರ್ ತ್ರಿಜ್ಯದ ತಿರುವು, ಎರಡು ಚಕ್ರದ ನಡುವೆ 13 ಸೆಂಟಿಮೀಟರ್; ಒಳಗಿನದು ಹೊರಗಿನದರ ಶೇ. 80ರಷ್ಟು ಮಾತ್ರ ಓಡಬೇಕು. ಸ್ಟೀರಿಂಗ್ ಎಷ್ಟು ತಿರುಗಿದೆಯೆಂದು ಕೋಡಿಗೆ ಮೊದಲೇ ಗೊತ್ತಿರುವುದರಿಂದ ಅಷ್ಟೇ ಕಡಿಮೆ ಕೊಡುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಕರೆಂಟಿನ ವಿಷಯ ಬಂತು. ಮಾವ ಇಲ್ಲಿ ಬರೀ ನೋಡುವವ ಎಂದು ಹುಡುಗಿ ಅಂದುಕೊಂಡಿದ್ದಳು.

ಮೋಟರನ್ನು ಮುಂದಕ್ಕೂ ಹಿಂದಕ್ಕೂ ಓಡಿಸಬೇಕಾದರೆ ಕರೆಂಟಿನ ದಿಕ್ಕು ಬದಲಿಸಬೇಕು. ನಾಲ್ಕು ಸ್ವಿಚ್ಚುಗಳನ್ನು ಎಚ್ ಅಕ್ಷರದ ಆಕಾರದಲ್ಲಿ ಜೋಡಿಸಿ ನಡುವೆ ಮೋಟರಿಟ್ಟರೆ ಅದಾಗುತ್ತದೆ. ಅಂಥ ಎರಡು ಜೋಡಣೆಗಳನ್ನು ಒಂದೇ ಚಿಪ್ಪಿನಲ್ಲಿಟ್ಟದ್ದು ಎಲ್298ಎನ್. ಕಪ್ಪು ಹೀಟ್‌ಸಿಂಕ್ ಹೊತ್ತ ಈ ಕೆಂಪು ಹಲಗೆ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ, ಜಾಣರು ಅದನ್ನು ಬೈಯುವುದೂ ಅಷ್ಟೇ ಸಾಮಾನ್ಯ. ಹಳೇ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರ್. ದಾರಿಯಲ್ಲೇ ಸುಮಾರು 2 ವೋಲ್ಟ್ ತಿಂದು ಬಿಸಿಯಾಗಿ ಬಿಡುತ್ತದೆ. ತೊಶಿಬಾದ ಟಿಬಿ6612 ಮಾಸ್‌ಫೆಟ್‌ನದು, ತಿನ್ನುವುದು ಬಹಳ ಕಡಿಮೆ.

"ಹಾಗಾದ್ರೆ ಈ ಹೊಟ್ಟೆಬಾಕನ್ನ ಯಾಕೆ ತಂದೆ?"

"ಎರಡು ಸೆಲ್ ತುಂಬಿದಾಗ 8.4 ವೋಲ್ಟ್. ನಮ್ಮ ಮೋಟರಿಗೆ 6ರ ಮೇಲೆ ಕೊಡಬಾರದು. ಈ ಹೊಟ್ಟೆಬಾಕ 2 ತಿಂದ್ರೆ ಉಳಿಯೋದು ಸರಿಯಾಗಿ ಆರೂಚಿಲ್ಲರೆ. ಜಾಣ ಚಿಪ್ ಹಾಕಿದ್ರೆ 8.4 ಪೂರ್ತಿ ಮೋಟರಿಗೆ ಹೋಗಿ ಬ್ರಶ್ ಸುಟ್ಟುಕೊಳ್ತಿತ್ತು, ಕೋಡಲ್ಲಿ ಶೇ. 70ಕ್ಕೆ ಕಟ್ಟಿಹಾಕ್ಬೇಕು. ಮರೆತ್ರೆ ಹೋಯ್ತು."

ಇದು ತಾಂತ್ರಿಕವಾಗಿ ಅಂದದ ಪರಿಹಾರವಲ್ಲ. ಬ್ಯಾಟರಿಯ ಒಂದಷ್ಟು ಭಾಗ ಹೀಟ್‌ಸಿಂಕಿನ ಮೂಲಕ ಹಾಸನದ ಗಾಳಿಗೆ ಹೋಗುತ್ತದೆ. ಆದರೆ ಮೊದಲ ಸಲ ಕಟ್ಟುವವರಿಗೆ, ತಪ್ಪು ಮಾಡಿದರೂ ಮೋಟರ್ ಉಳಿಯುವ ದಾರಿ ಇದು.

ಲಾರಿಯ ಮಿದುಳು ಇಎಸ್‌ಪಿ32. ಶಾಂಘೈನ ಎಸ್‌ಪ್ರೆಸಿಫ್ ಕಂಪನಿ 2016ರಲ್ಲಿ ಬಿಟ್ಟ ಈ ಚಿಪ್ಪಿನಲ್ಲಿ 240 ಮೆಗಾಹರ್ಟ್ಸ್‌ನ ಎರಡು ಕೋರ್, ವೈಫೈ, ಬ್ಲೂಟೂತ್ ಎಲ್ಲವೂ ಇದೆ; ಬೆಲೆ ನಾನೂರರ ಸುಮಾರು. ಅದಕ್ಕೂ ಹಿಂದೆ, 2005ರಲ್ಲಿ ಇಟಲಿಯ ಇವ್ರೇಯಾ ಊರಿನಲ್ಲಿ ಹುಟ್ಟಿದ ಆರ್ಡುಯಿನೊ ಹಲಗೆಗೆ ರೇಡಿಯೊ ಬೇರೆ ಜೋಡಿಸಬೇಕಿತ್ತು. ನಾರ್ವೆಯ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್24 ಎಂಬ ಪುಟ್ಟ ರೇಡಿಯೊಗೆ 3.3ರ ಬದಲು 5 ವೋಲ್ಟಿನ ಸಪ್ಲೈ ಕೊಟ್ಟು ಸುಟ್ಟವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ.

ಜೋಡಿಸಿ, ಸ್ವಿಚ್ ಒತ್ತಿದಳು. ನೀಲಿ ದೀಪ ಹತ್ತಿತು. ಫೋನಿನಲ್ಲಿ ಮುಂದಕ್ಕೆ ಎಂದು ಒತ್ತಿದೊಡನೆ ಚಕ್ರ ಒಂದು ಇಂಚು ಜಿಗಿದು ನಿಂತಿತು, ದೀಪ ಆರಿತು, ಮತ್ತೆ ಹತ್ತಿತು. ಇನ್ನೊಮ್ಮೆ. ಮತ್ತದೇ. ಕೋಡಿನಲ್ಲಿ ತಪ್ಪು ಹುಡುಕುತ್ತ ಅರ್ಧ ಗಂಟೆ ಕಳೆಯಿತು.

ಮಾವ ಕಡೆಗೆ ಬಾಯಿ ಬಿಟ್ಟ. "ನಾನು ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಏನಾಗುತ್ತೆ ನೋಡಿದ್ದೀಯಾ?"

"ಮಂಕಾಗುತ್ತೆ."

"ಇದೂ ಅದೇ ಕಣೇ."

ಅದೇ ಆಗಿತ್ತು. ನಿಂತ ಮೋಟರ್ ಹೊರಡುವ ಕ್ಷಣದಲ್ಲಿ ಒಂದೂವರೆ ಆಂಪಿಯರ್‌ವರೆಗೆ ಎಳೆಯುತ್ತದೆ, ಎರಡು ಮೋಟರಿಗೆ ಮೂರು. ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಹುಡುಗಿ ಇಎಸ್‌ಪಿ32ಗೂ ಸ್ಟೀರಿಂಗ್ ತಿರುಗಿಸುವ ಸರ್ವೊ ಮೋಟರಿಗೂ ಕರೆಂಟನ್ನು ಎಲ್298ಎನ್ ಹಲಗೆಯ ಮೇಲಿನ ಪುಟ್ಟ 5 ವೋಲ್ಟಿನ ರೆಗ್ಯುಲೇಟರಿನಿಂದಲೇ ತೆಗೆದಿದ್ದಳು. ಅದರ ಶಕ್ತಿ ಅರ್ಧ ಆಂಪಿಯರ್. ವೈಫೈ ಒಂದೇ ಕೆಲವೊಮ್ಮೆ ಕಾಲು ಆಂಪಿಯರ್ ಬೇಡುತ್ತದೆ, ಸರ್ವೊ ಸಿಕ್ಕಿಕೊಂಡರೆ ಅರ್ಧಕ್ಕೂ ಮೇಲೆ. ವೋಲ್ಟೇಜ್ ಬಿದ್ದದ್ದು ಕಂಡು ಚಿಪ್ಪು ತನ್ನನ್ನು ತಾನೇ ಆರಿಸಿ ಮತ್ತೆ ಶುರು ಮಾಡಿಕೊಳ್ಳುತ್ತಿತ್ತು. ವೋಲ್ಟೇಜ್ ಇಳಿಸುವ, ಅರವತ್ತು ರೂಪಾಯಿಯ ಎಲ್‌ಎಂ2596 ಬಕ್ ಕನ್ವರ್ಟರನ್ನು ನೇರ ಬ್ಯಾಟರಿಯಿಂದ ಎಳೆದು, ಅದರ ಬಾಯಿಗೆ 1,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಕಟ್ಟಿದಳು. ಎಲ್ಲ ಹಲಗೆಗಳ ನೆಗೆಟಿವ್ ಒಂದೇ ಕಡೆ ಸೇರಬೇಕು ಎಂಬುದನ್ನು ಮಾವನಿಗೆ ಹೇಳಿಕೊಡಬೇಕಾಗಲಿಲ್ಲ. ಚಾಸಿಗೆ ಅರ್ಥ್ ಸರಿಯಿಲ್ಲದ ಲಾರಿಯಲ್ಲಿ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುವುದನ್ನು ಅವನು ಎಷ್ಟೋ ಸಲ ಕಂಡವನು.

"ಇನ್ನೊಂದು ಮಾಡು. ಒಮ್ಮೆಗೇ ಎಕ್ಸಲೇಟರ್ ತುಳೀಬೇಡ. ಕ್ಲಚ್ ಮೆತ್ತಗೆ ಬಿಡು."

ಕೋಡಿನಲ್ಲಿ ಕ್ಲಚ್ ಇಲ್ಲ. ಬೆರಳು ಪೂರ್ತಿ ಒತ್ತಿದರೂ ಮೋಟರಿಗೆ ಹೋಗುವ ಪಾಲು ಸೊನ್ನೆಯಿಂದ ನೂರಕ್ಕೆ ಮುಕ್ಕಾಲು ಸೆಕೆಂಡಿನಲ್ಲಿ ಏರುವಂತೆ ಒಂದು ಲೂಪ್ ಬರೆದಳು. ಲಾರಿ ಜಿಗಿಯದೆ, ಉಸಿರೆಳೆದುಕೊಂಡು, ಭಾರ ಹೊತ್ತಂತೆ ಹೊರಟಿತು. ರೀಸೆಟ್ ನಿಂತಿತು. ಹಲ್ಲುಗಾಲಿಗೂ ಆಯುಷ್ಯ ಹೆಚ್ಚಿತು. ಅದಕ್ಕಿಂತ ಹೆಚ್ಚಾಗಿ ಅದು ಆಟಿಕೆಯಂತೆ ಕಾಣುವುದನ್ನು ಬಿಟ್ಟು ಲಾರಿಯಂತೆ ಕಂಡದ್ದು ಆಗಲೇ.

ಸ್ಟೀರಿಂಗಿನ ಸರ್ವೊ ಮಾತ್ರ ಸಂಜೆಯೊಳಗೆ ಕೈಕೊಟ್ಟಿತು. 9 ಗ್ರಾಂ ತೂಗುವ ನೀಲಿ ಎಸ್‌ಜಿ90, ಒಳಗೆ ಪ್ಲಾಸ್ಟಿಕ್ ಹಲ್ಲು. ಚಕ್ರ ಮೆಟ್ಟಿಲಿಗೆ ಸಿಕ್ಕಿಕೊಂಡಾಗ ಗುಂಯ್ ಎಂದು ಕೊಸರಿ ಹಲ್ಲು ಸವೆಸಿಕೊಂಡಿತು. ಎಂಬತ್ತು ರೂಪಾಯಿ ಹೆಚ್ಚು ಕೊಟ್ಟರೆ ಅದೇ ಗಾತ್ರದ, ಲೋಹದ ಹಲ್ಲಿನ ಎಂಜಿ90ಎಸ್ ಸಿಗುತ್ತದೆ. ಇಂಥಲ್ಲಿ ಉಳಿಸಿದ ದುಡ್ಡು ಉಳಿಯುವುದಿಲ್ಲ.

ಉಳಿಸಲೇಬಾರದ ಜಾಗ ಇನ್ನೊಂದು. ಹುಡುಗಿ ಡಬ್ಬಿಯಿಂದ ಎರಡು ಬಗೆಯ ಸೆಲ್ ತೆಗೆದಳು. ಎರಡೂ 18650, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಅಯಾನ್. ಒಂದರ ಮೇಲೆ 2,600 ಎಂದಿತ್ತು, ಇನ್ನೊಂದರ ಮೇಲೆ 9,900.

"ಜಾಸ್ತಿ ಇರೋದನ್ನ ಹಾಕು."

"ಕೈಯಲ್ಲಿ ಹಿಡಿದು ನೋಡಿ."

ಮಾವ ಎರಡೂ ಅಂಗೈಯಲ್ಲಿ ತೂಗಿದ. 9,900 ಎಂದು ಬರೆದದ್ದೇ ಹಗುರ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 2,600ರದ್ದು 45 ಗ್ರಾಂ, ಇನ್ನೊಂದು 32. ಈ ಗಾತ್ರದ ಸೆಲ್ಲಿನಲ್ಲಿ 3,500 ಮಿಲಿಆಂಪ್‌ಅವರ್‌ಗಿಂತ ಹೆಚ್ಚು ತುಂಬಿಸುವುದು ದೊಡ್ಡ ಕಂಪನಿಗಳಿಗೇ ಅಪರೂಪ. ಲಿಥಿಯಂ ಅಯಾನ್ 1991ರಲ್ಲಿ ಸೋನಿಯ ಮೂಲಕ ಮಾರುಕಟ್ಟೆಗೆ ಬಂದಾಗಿನಿಂದ ಇಂದಿನವರೆಗಿನ ಏರಿಕೆಯೆಲ್ಲ ಇಂಚಿಂಚಾಗಿ ಆದದ್ದು. 9,900 ಎಂಬುದು ಛಾಪಿಸುವ ಯಂತ್ರದ ಸಾಮರ್ಥ್ಯ.

"ಕಳ್ಳ ಡೀಸೆಲ್ ಇದ್ದಂಗೆ," ಎಂದ ಮಾವ. "ಮೀಟರ್ ತೋರ್ಸುತ್ತೆ, ಘಾಟಿಯಲ್ಲಿ ಗೊತ್ತಾಗುತ್ತೆ."

ಸುಳ್ಳು ಸೆಲ್ಲಿನ ತೊಂದರೆ ಬೇಗ ಮುಗಿಯುವುದಷ್ಟೇ ಅಲ್ಲ. ಮೂರು ಆಂಪಿಯರ್ ಕೇಳಿದಾಗ ಬಿಸಿಯಾಗಿ ಉಬ್ಬಬಹುದು, ಉರಿಯಲೂಬಹುದು. ಒಳ್ಳೆಯದನ್ನೂ 4.2ರ ಮೇಲೆ ತುಂಬಿಸಬಾರದು, 3ರ ಕೆಳಗೆ ಇಳಿಸಬಾರದು. ಅದನ್ನು ಕಾಯುವುದಕ್ಕೇ ಎಂಬತ್ತು ರೂಪಾಯಿಯ ಬಿಎಂಎಸ್ ಹಲಗೆ. ಸೆಲ್ಲಿಗೆ ನೇರವಾಗಿ ಸಾಲ್ಡರ್ ಹಾಕದೆ ಹೋಲ್ಡರಿನಲ್ಲಿ ಕೂರಿಸಿದ್ದಳು. ಚಾರ್ಜಿಗೆ ಇಡುವಾಗ ಎರಡನ್ನೂ ಬಿಚ್ಚಿ ಒಂದೊಂದಾಗಿ ಟಿಪಿ4056 ಹಲಗೆಗೆ. ಕೆಂಪು ದೀಪ ಹೋಗಿ ನೀಲಿ ಬರುವವರೆಗೆ, ಕಣ್ಣೆದುರೇ, ಕಲ್ಲಿನ ಜಗಲಿಯ ಮೇಲೆ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಫೋನಿನ ಬ್ರೌಸರಿನಲ್ಲಿ 192.168.4.1 ಎಂದು ಒತ್ತಿದರೆ ಲಾರಿಯೇ ಒಂದು ಪುಟವನ್ನು ಕಳಿಸುತ್ತದೆ, ಅದರಲ್ಲಿ ಎರಡು ಜಾರುಪಟ್ಟಿ. ಅಂಗಳದಲ್ಲಿ ಎರಡು ಸುತ್ತು ಚೆನ್ನಾಗಿ ಹೊಡೆಯಿತು. ಮೂರನೇ ಸುತ್ತಿಗೆ ಯಾರೋ ಫೋನ್ ಮಾಡಿದರು.

ಪರದೆಯ ಮೇಲೆ ಕರೆ ಬಂತು, ಪುಟ ಹಿಂದೆ ಸರಿಯಿತು. ಲಾರಿಗೆ ಕೊನೆಗೆ ತಲುಪಿದ್ದ ಮಾತು 'ಮುಂದಕ್ಕೆ'. ಅದು ಮಾತು ಮೀರಲಿಲ್ಲ. ತುಳಸಿ ಕಟ್ಟೆಯನ್ನು ಸವರಿಕೊಂಡು, ಗೇಟು ದಾಟಿ, ಚರಂಡಿಗೆ ಮೂತಿ ಕೊಟ್ಟು ನಿಂತಿತು. ಚಕ್ರ ಆಗಲೂ ತಿರುಗುತ್ತಲೇ ಇತ್ತು.

ಹುಡುಗಿ ಅಳು ಬಂದರೂ ನುಂಗಿಕೊಂಡು ಒರೆಸುತ್ತಿದ್ದಳು. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಮ್ ಲಾರಿ ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಗೊತ್ತಾ?"

"ಗಾಳಿ ಒತ್ತಿದ್ರೆ ಬ್ರೇಕ್ ಹಿಡಿಯುತ್ತೆ."

"ಪೆಡಲ್ ಬ್ರೇಕಿಗೆ ಸರಿ. ಹ್ಯಾಂಡ್ ಬ್ರೇಕಿಗೆ ಉಲ್ಟಾ. ಹಿಂದಿನ ಚೇಂಬರಲ್ಲಿ ಒಂದು ದಪ್ಪ ಸ್ಪ್ರಿಂಗ್ ಕೂತಿರುತ್ತೆ. ಅದಕ್ಕೆ ಯಾವಾಗ್ಲೂ ಚಕ್ರ ಹಿಡೀಬೇಕು ಅಂತ್ಲೇ ಆಸೆ. ಗಾಳಿ ಇರೋತನಕ ಅದನ್ನ ತಡೆದು ಹಿಡಿದಿರುತ್ತೆ. ಪೈಪ್ ಕಿತ್ತೋಗಿ ಗಾಳಿ ಹೋಯ್ತು ಅಂದ್ರೆ, ಸ್ಪ್ರಿಂಗೇ ಲಾರಿ ನಿಲ್ಸುತ್ತೆ. ಬೆಳಿಗ್ಗೆ ಇಂಜಿನ್ ಹಾಕಿ ಸುಮ್ನೆ ಕೂರ್ತೀನಲ್ಲ, ಯಾಕೆ ಅಂದ್ಕೊಂಡಿದ್ದೀಯ? ಗಾಳಿ ತುಂಬೋವರೆಗೂ ಅದು ಬಿಡಲ್ಲ."

ಹುಡುಗಿ ಒರೆಸುವುದನ್ನು ನಿಲ್ಲಿಸಿದಳು. ಅವಳ ಕೋಡು 'ನಿಲ್ಲು' ಎಂಬ ಆಜ್ಞೆಗಾಗಿ ಕಾಯುತ್ತಿತ್ತು. ಅದು ತಿರುಗಬೇಕಿತ್ತು: ನಿಲ್ಲುವುದೇ ಲಾರಿಯ ಸಹಜ ಸ್ಥಿತಿ, 'ಓಡು' ಎಂಬ ಮಾತು ಬರುತ್ತಿರುವಷ್ಟು ಹೊತ್ತು ಮಾತ್ರ ಓಟ. ಫೋನ್ ಸೆಕೆಂಡಿಗೆ ಇಪ್ಪತ್ತು ಸಲ ಹೇಳುತ್ತಲೇ ಇರಬೇಕು. 300 ಮಿಲಿಸೆಕೆಂಡ್ ಏನೂ ಕೇಳಿಸದಿದ್ದರೆ ಬ್ರೇಕ್. ಹವ್ಯಾಸಿಗಳು ಇದನ್ನು ಫೇಲ್‌ಸೇಫ್ ಎನ್ನುತ್ತಾರೆ, ಒಳ್ಳೆಯ ರೇಡಿಯೊ ಸೆಟ್ಟುಗಳಲ್ಲಿ ಇದು ಇದ್ದೇ ಇರುತ್ತದೆ. ಬ್ರೇಕೆಂದರೂ ಬೇರೆ ಯಂತ್ರವಲ್ಲ. ಎಲ್298ಎನ್‌ನ ಎರಡೂ ಇನ್‌ಪುಟ್ ಸಮ ಮಾಡಿದರೆ ಮೋಟರಿನ ಎರಡು ತುದಿ ಕೂಡಿಕೊಂಡು, ತಿರುಗುವ ಮೋಟರ್ ತನ್ನದೇ ಕರೆಂಟಿನಿಂದ ತನ್ನನ್ನು ಹಿಡಿಯುತ್ತದೆ. ಇಂಜಿನ್ ಬ್ರೇಕಿನ ತಮ್ಮ.

ಫೋನಿಗೂ ವಿದಾಯ ಹೇಳಿದಳು. ಗಾಜಿನ ಮೇಲೆ ಬೆರಳು ಜಾರಿಸಿದರೆ ಕೈಗೆ ಏನೂ ತಿಳಿಯುವುದಿಲ್ಲ, ಕಣ್ಣು ಲಾರಿಯ ಬದಲು ಪರದೆಯ ಮೇಲಿರುತ್ತದೆ. ಗೆಳತಿಯ ಹತ್ತಿರ ಬಿದ್ದಿದ್ದ ಇನ್ನೊಂದು ಇಎಸ್‌ಪಿ32, ಎರಡು ಜಾಯ್‌ಸ್ಟಿಕ್, ಪ್ಲಾಸ್ಟಿಕ್ ಟಿಫಿನ್ ಡಬ್ಬಿ, ಅಷ್ಟರಲ್ಲಿ ರಿಮೋಟ್ ಆಯಿತು. ಇಎಸ್‌ಪಿ-ನೌ ಎಂಬ ವಿಧಾನದಲ್ಲಿ ರೂಟರ್ ಬೇಕಿಲ್ಲ, ಒಂದು ಚಿಪ್ಪು ಇನ್ನೊಂದರ ವಿಳಾಸಕ್ಕೆ ನೇರ ಮಾತಾಡುತ್ತದೆ, ಒಂದು ಸಲಕ್ಕೆ 250 ಬೈಟ್‌ವರೆಗೆ. ವೇಗಕ್ಕೊಂದು, ಸ್ಟೀರಿಂಗಿಗೊಂದು, ಹಾರ್ನಿಗೊಂದು ಅಂಕಿ ಕಳಿಸಲು ನಾಲ್ಕಾರು ಬೈಟ್ ಸಾಕು. ಪಕ್ಕದ ಮನೆಯವರು ಇಂಥದ್ದೇ ಕಟ್ಟಿದರೂ ಇವರ ಲಾರಿ ಅವರ ಮಾತು ಕೇಳುವುದಿಲ್ಲ.

"ಇದಕ್ಕೆ ಲೈಸೆನ್ಸ್ ಬೇಡ್ವಾ? ವೈರ್‌ಲೆಸ್ ಅಲ್ವಾ?" ಆರ್‌ಟಿಒ ಕಚೇರಿ ಸುತ್ತಿ ಸವೆದವನ ಪ್ರಶ್ನೆ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಭಾರತ 2005ರಲ್ಲೇ ಲೈಸೆನ್ಸ್ ತೆಗೆದುಹಾಕಿದೆ. ಮನೆಮನೆಯ ವೈಫೈ ಓಡುವುದೂ ಅಲ್ಲೇ. ತಂತಿಯಿಲ್ಲದೆ ವಾಹನ ಓಡಿಸಿ ತೋರಿಸಿದ ಹಳೆಯ ಹೆಸರು ನಿಕೋಲಾ ಟೆಸ್ಲಾನದು: 1898, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ನೀರಿನ ತೊಟ್ಟಿಯಲ್ಲಿ ಬ್ಯಾಟರಿಯ ಪುಟ್ಟ ದೋಣಿ. ಅಮೆರಿಕದ ಪೇಟೆಂಟ್ ಸಂಖ್ಯೆ 6,13,809.

ರಾತ್ರಿ ಮಾವ ಲೆಕ್ಕ ಕೇಳಿದ. ಟ್ರಿಪ್ ಶೀಟಿನ ಹಿಂಬದಿಯಲ್ಲೇ ಬರೆದರು. ಇಎಸ್‌ಪಿ32 420, ಎಲ್298ಎನ್ 150, ಚಕ್ರ ಸಮೇತ ಮೋಟರು 160, ಲೋಹದ ಹಲ್ಲಿನ ಸರ್ವೊ 180, ಸೆಲ್ ಎರಡಕ್ಕೆ 500, ಹೋಲ್ಡರು, ಬಿಎಂಎಸ್, ಬಕ್ ಸೇರಿ 180, ವೈರು ಸ್ವಿಚ್ಚು 100, ಎಲ್‌ಇಡಿ 30, ಬಾಡಿಗೆ ಸನ್‌ಬೋರ್ಡ್ 120. ಒಟ್ಟು 1,840 ರೂಪಾಯಿ. ಸತ್ತ ಸರ್ವೊವನ್ನೂ, ಗೆಳತಿಯ ಹಲಗೆಯನ್ನೂ, ಗೆಳತಿಗೆ ಕೊಡಿಸಬೇಕಾದ ಮಸಾಲೆ ದೋಸೆಯನ್ನೂ ಇದರಲ್ಲಿ ಸೇರಿಸಿಲ್ಲ. ಹವ್ಯಾಸಿಗಳ ಲೆಕ್ಕಪತ್ರಗಳಲ್ಲಿ ಇಂಥವು ಯಾವಾಗಲೂ ಕಾಣೆಯಾಗಿರುತ್ತವೆ.

"ಬಾಡಿ ಮಾತ್ರ ನಾನು ಕಟ್ತೀನಿ," ಎಂದ ಮಾವ. ಅವನ ಲಾರಿಯೂ ಕಂಪನಿಯಿಂದ ಬಂದದ್ದು ಬರೀ ಚಾಸಿಯಾಗಿ. ಬಾಡಿ ಕಟ್ಟಿಸಿದ್ದು ನಾಮಕ್ಕಲ್‌ನಲ್ಲಿ. ಸನ್‌ಬೋರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಕತ್ತರಿಸಿ, ಪಕ್ಕದ ಹಲಗೆಗಳ ನಡುವಿನ ಸಂದುಗಳನ್ನೂ ಹಿಂದಿನ ಡಾಲೆಯ ಕೊಂಡಿಯನ್ನೂ ಬಿಡದೆ ಮಾಡಿದ. ಎರಡು ದಿನ ಹಿಡಿಯಿತು. ಹಿಂದೆ 'ಹಾರ್ನ್ ಓಕೆ ಪ್ಲೀಸ್', ಮುಂದೆ ದಾರದಲ್ಲಿ ಪೋಣಿಸಿದ ಒಂದು ಸೂಜಿಮೆಣಸಿನಕಾಯಿ. ಆ ಅಳತೆಗೆ ನಿಂಬೆಹಣ್ಣು ಸಿಗಲಿಲ್ಲ, ಹಳದಿ ಮಣಿಯೊಂದು ಅದರ ಜಾಗದಲ್ಲಿ ಕೂತಿತು.

ಉಳಿದದ್ದು ಸದ್ದು. ಇಎಸ್‌ಪಿ32ರ 25 ಮತ್ತು 26ನೇ ಕಾಲುಗಳಿಂದ ನೇರವಾಗಿ ಧ್ವನಿಯ ಅಲೆ ಹೊರಡಿಸಬಹುದು. ಪಿಎಎಂ8403 ಎಂಬ ಉಗುರಗಲದ ಆಂಪ್ಲಿಫೈಯರು, ಹಾಳಾದ ಫೋನಿನ ಸ್ಪೀಕರು ಸಾಕು. ಸೆಕೆಂಡಿಗೆ 22,050 ಮಾದರಿ, ಒಂದೊಂದಕ್ಕೆ ಒಂದು ಬೈಟ್. ಐದು ಸೆಕೆಂಡಿನ ಇಂಜಿನ್ ಸದ್ದಿಗೆ 110 ಕಿಲೋಬೈಟ್. ಹಲಗೆಯ ಮೇಲಿರುವುದು 4 ಮೆಗಾಬೈಟ್. ಜಾಯ್‌ಸ್ಟಿಕ್ ಒತ್ತಿದಷ್ಟೂ ಅದೇ ತುಣುಕನ್ನು ಬೇಗ ಬೇಗ ನುಡಿಸಿದರೆ ಇಂಜಿನ್ ಏರಿದಂತೆ ಕೇಳುತ್ತದೆ.

"ಇಂಟರ್‌ನೆಟ್ಟಲ್ಲಿ ಲಾರಿ ಸೌಂಡ್ ಬೇಕಾದಷ್ಟಿದೆ ಮಾವ."

"ಯಾರ್ದೋ ಲಾರಿದು ಯಾಕೆ?"

ಘಾಟಿ ಮರುದಿನ ತೆರೆಯುತ್ತದೆಂದು ಸುದ್ದಿ ಬಂದಿತ್ತು. ಮತ್ತೆ ಹನಿ ಶುರುವಾಗಿತ್ತು. ಮಾವ ಟಾರ್ಪಾಲು ಸರಿಸಿ ಕ್ಯಾಬಿನ್ ಹತ್ತಿದ. ಹುಡುಗಿ ತಲೆಯ ಮೇಲೆ ಸೆರಗಿನಂತೆ ದುಪಟ್ಟಾ ಎಳೆದುಕೊಂಡು, ಫೋನ್ ಹಿಡಿದು ಬಾನೆಟ್ಟಿನ ಪಕ್ಕ ನಿಂತಳು.

"ಮಳೆ ಸದ್ದೂ ಸೇರ್ಕೊಳ್ಳುತ್ತೆ ಮಾವ."

"ಸೇರ್ಕೊಳ್ಲಿ ಬಿಡೇ. ರೆಡೀನಾ?"

"ಮೊದಲು ಸೆಲ್ಫ್ ಹೊಡೀರಿ. ಆಮೇಲೆ ಹಾಗೇ ಐಡಲ್ ಬಿಡಿ. ಹಾರ್ನ್ ಕೊನೇಲಿ."

ಅವನು ಹೆಡ್‌ಲೈಟ್ ಹಾಕಿ ಚಾವಿ ತಿರುಗಿಸಿದ. ಎದುರಿನ ಕಾಂಪೌಂಡಿನ ಮೇಲೆ ಬಿದ್ದಿದ್ದ ಬೆಳಕು ಒಂದು ಗಳಿಗೆ ಮಂಕಾಗಿ, ಮತ್ತೆ ತುಂಬಿಕೊಂಡಿತು.